ಸಿಹಿನೀರಿನ ಶಾಸ್ತ್ರವೂ ನಮ್ಮ ಹೆಣ್ಣುಮಕ್ಕಳೂ

ಸ್ಮರಣ ಸಂಚಿಕೆಗಳಲ್ಲಿ ಪಾಠಶಾಲೆಯ ಹಿಂದಣ ವರ್ಷಗಳನ್ನು ಕುರಿತು ಬರೆಯುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಹಿರಿಯರಾದವರು ಈ ಪುಟಗಳಲ್ಲಿ ಮಾಡಿರುವುದರಿಂದ, ನಾವು ಮುಂದಣ ವರ್ಷಗಳಿಗೆ ಸಂಬಂಧಪಟ್ಟ ಒಂದು ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಸಿಹಿನೀರಿಗೆ ಸಂಬಂಧಿಸಿದ ಹಲವು ಶಾಸ್ತ್ರಗಳನ್ನು ಒಂದೇ ವ್ಯಾಸಂಗವಾಗಿ ಕಲಿಸುವ ಏರ್ಪಾಡೊಂದು ನಮ್ಮ ಜಿಲ್ಲೆಯಲ್ಲಿ, ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಆಗಬೇಕು; ಅದರ ಬಾಗಿಲು ನಮ್ಮ ಹೆಣ್ಣುಮಕ್ಕಳಿಗೆ ತೆರೆದಿರಬೇಕು ಎಂಬುದೇ ಆ ವಿಷಯ. ಪ್ರೌಢಶಾಲೆಯ ಉಪಾಧ್ಯಾಯಿನಿಯರಿಗೆ ವಿಶ್ವವಿದ್ಯಾನಿಲಯದ ಗೊಡವೆ ಏಕೆಂದು ಕೆಲವರು ಕೇಳಬಹುದು. ಅಲ್ಲಿಗೆ ಹೋಗತಕ್ಕ ಮಕ್ಕಳು ಮೊದಲು ನಮ್ಮ ಬಳಿಯಲ್ಲಿ ಕುಳಿತವರು. ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಹತ್ತನೆಯ ತರಗತಿಯ ಕೊನೆಯಲ್ಲಿ ನಮಗೇ ಮೊದಲು ತಿಳಿದುಬರುತ್ತದೆ.

ಚಂದ್ರವಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಚಿತ್ರದುರ್ಗದ ಬೆಟ್ಟಗಳ ನಡುವೆ ಅಡಗಿರುವ ಈ ಕಣಿವೆಯನ್ನು ನೋಡದ ಶಾಲಾ ಮಕ್ಕಳು ನಮ್ಮ ಸೀಮೆಯಲ್ಲಿ ಅಪರೂಪ. ಆರ್. ನರಸಿಂಹಾಚಾರ್ಯರೂ, 1929ರ ಸುಮಾರಿನಲ್ಲಿ ಎಂ. ಎಚ್. ಕೃಷ್ಣರೂ, 1947ರಲ್ಲಿ ಮಾರ್ಟಿಮರ್ ವೀಲರರೂ ಇಲ್ಲಿ ಅಗೆಯಿಸಿ, ಶಾತವಾಹನರ ನಾಣ್ಯಗಳು ಮಾತ್ರವಲ್ಲದೆ ದೂರದ ರೋಮಿನ ನಾಣ್ಯಗಳೂ ಇಲ್ಲಿ ಚಲಿಸಿದ್ದವೆಂಬುದನ್ನು ಲೋಕಕ್ಕೆ ತೋರಿಸಿದರು. ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ವಿದ್ವಾಂಸರು ಅದನ್ನು ಕ್ರಿ.ಶ. 4ನೆಯ ಶತಮಾನದ್ದೆಂದು ಹೇಳುತ್ತಾರೆ. ಶಾಸನದಲ್ಲಿ ಅರಸನು ಗೆದ್ದ ನಾಡುಗಳ ಹೆಸರುಗಳಿವೆ. ಆದರೆ ಅದನ್ನು ಕೆತ್ತಿಸಿದ ಕಾರಣವು ಯುದ್ಧವಲ್ಲ, ಒಂದು ತಟಾಕ, ಎಂದರೆ ಕೆರೆ. ನಮ್ಮ ನಾಡಿನ ಅತಿ ಹಳೆಯ ರಾಜವಂಶಗಳಲ್ಲಿ ಒಂದರ ಮೊದಲ ಅರಸನು ಈ ಕಣಿವೆಯ ಕಲ್ಲಿಗೆ ಒಪ್ಪಿಸಿದ ಮಾತು ನೀರಿನ ಮಾತಾಗಿದೆ.

ಆ ಬಂಡೆಯ ಮುಂದೆ ನಿಂತ ಹುಡುಗಿಯರು ಸುಮ್ಮನಿರುವುದಿಲ್ಲ. ಇಷ್ಟು ಬಂಡೆಯಿರುವಲ್ಲಿ ನೀರು ಹೇಗೆ ನಿಂತಿತು? ಮಳೆ ಕಡಿಮೆಯಾದ ವರ್ಷ ಜನರು ಏನು ಮಾಡಿದರು? ಕೆರೆಯ ನೀರು ಹಸಿರಾಗುವುದೇಕೆ? ಅದನ್ನು ಕುಡಿಯಬಹುದೇ? ಮೊದಲು ಯಾರಿಗೆ ಆ ನೀರಿನ ಹಕ್ಕು ಇತ್ತು? ಇವು ಒಂದೇ ಹುಡುಗಿಯ ಬಾಯಿಂದ ಒಂದೇ ಉಸಿರಿನಲ್ಲಿ ಬರತಕ್ಕ ಪ್ರಶ್ನೆಗಳು. ಆದರೆ ಒಂದನೆಯದು ಭೂವಿಜ್ಞಾನಕ್ಕೂ, ಎರಡನೆಯದು ಚರಿತ್ರೆಗೂ, ಮೂರನೆಯದು ಸಸ್ಯಶಾಸ್ತ್ರಕ್ಕೂ, ನಾಲ್ಕನೆಯದು ರಸಾಯನ ಮತ್ತು ವೈದ್ಯ ಶಾಸ್ತ್ರಗಳಿಗೂ, ಕಡೆಯದು ನ್ಯಾಯಶಾಸ್ತ್ರಕ್ಕೂ ಸೇರಿದವು. ಹದಿನಾರನೆಯ ವಯಸ್ಸಿನಲ್ಲಿ ಕಲೆಯೋ, ವಾಣಿಜ್ಯವೋ, ವಿಜ್ಞಾನವೋ ಎಂದು ನಾವು ಅವಳನ್ನು ಕೇಳುತ್ತೇವೆ. ಅವಳು ಒಂದನ್ನು ಹಿಡಿಯುತ್ತಾಳೆ, ಮಿಕ್ಕ ಪ್ರಶ್ನೆಗಳನ್ನು ಬಿಟ್ಟುಬಿಡುತ್ತಾಳೆ. ಪದವಿಯಲ್ಲಿಯೂ ಅದರ ಮುಂದಿನ ವ್ಯಾಸಂಗದಲ್ಲಿಯೂ ಆ ಓಣಿ ಇನ್ನಷ್ಟು ಕಿರಿದಾಗುತ್ತ ಹೋಗುತ್ತದೆ. ಕಡೆಗೆ ನೀರಿನ ಒಂದು ಹನಿಯನ್ನು ಬಲ್ಲವರು ಅನೇಕರಾಗುತ್ತಾರೆ. ಕೆರೆಯನ್ನು ಬಲ್ಲವರು ದೊರೆಯುವುದು ಕಷ್ಟವಾಗುತ್ತದೆ.

ನೀರಾದರೋ ಹೀಗೆ ಭಾಗವಾಗಿ ಹರಿಯುವುದಿಲ್ಲ. ನಮ್ಮ ಕೋಟೆಯನ್ನು ಕಟ್ಟಿದವರು ಇದನ್ನು ಚೆನ್ನಾಗಿ ತಿಳಿದಿದ್ದರು. ಬೆಟ್ಟದ ಮೇಲಣ ಗೋಪಾಲಸ್ವಾಮಿ ಹೊಂಡವು ತುಂಬಿದ ಮೇಲೆ ನೀರು ಅಕ್ಕತಂಗಿ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡಕ್ಕೂ, ಕೊನೆಗೆ ಊರಿನ ಸಂತೆಹೊಂಡಕ್ಕೂ ಇಳಿದು ಬರುವಂತೆ ಅವರು ಏರ್ಪಡಿಸಿದರು. ವರ್ಷಕ್ಕೆ ಸುಮಾರು 600 ಮಿಲ್ಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆ ಬೀಳುವ ಬೆಟ್ಟದ ಮೇಲೆ ಒಂದು ಸೈನ್ಯವೂ ಒಂದು ಊರೂ ಬದುಕಿದ್ದು ಈ ಜಾಣತನದಿಂದ. ಕಲ್ಲಿನ ಇಳಿಜಾರು, ಮಳೆಯ ಕಾಲ, ಹೂಳಿನ ಸ್ವಭಾವ, ಜನರ ಬಳಕೆಯ ಕಟ್ಟಳೆ ಇವೆಲ್ಲವೂ ಒಂದೇ ತಲೆಯಲ್ಲಿ ಅಥವಾ ಒಟ್ಟಿಗೆ ಕುಳಿತು ಮಾತನಾಡಿದ ಕೆಲವು ತಲೆಗಳಲ್ಲಿ ಕೂಡಿರದಿದ್ದರೆ ಅಂತಹ ಕೆಲಸವು ಆಗುತ್ತಿರಲಿಲ್ಲ.

ಇದು ಹಳೆಯ ಕಾಲದ ಮಾತು ಎನ್ನುವವರು ನಮ್ಮ ಜಿಲ್ಲೆಯ ಇಂದಿನ ನೀರನ್ನು ನೋಡಲಿ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಜಲಾಶಯಕ್ಕೆ, ಮೈಸೂರು ಸಂಸ್ಥಾನವನ್ನು ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಇಟ್ಟರು. ಸುಮಾರು 30 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯಬಲ್ಲ ಆ ಜಲಾಶಯವು 1933ರಲ್ಲಿ ಕೋಡಿ ಹರಿದ ಮೇಲೆ, ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷಗಳು ಕಳೆದವು. 2025ರ ಜನವರಿಯಲ್ಲಿಯೂ ಅದು ತುಂಬಿ ಹರಿಯಿತು. ನಾವೆಲ್ಲರೂ ಸಂತೋಷಪಟ್ಟೆವು, ಬಾಗಿನ ಅರ್ಪಿಸುವುದನ್ನು ಕಂಡೆವು. ಆದರೆ ಆ ನೀರಿನಲ್ಲಿ ಆಕಾಶದ ಪಾಲೆಷ್ಟು, ಭದ್ರೆಯಿಂದ ಎತ್ತಿ ತಂದು 2019ರಿಂದ ಹರಿಸಿದ ಪಾಲೆಷ್ಟು? ಹಿನ್ನೀರು ನುಗ್ಗಿದ ಹೊಸದುರ್ಗ ತಾಲ್ಲೂಕಿನ ರೈತರಿಗೆ ಆದ ನಷ್ಟವನ್ನು ಹಿರಿಯೂರಿನ ರೈತರಿಗೆ ಆದ ಲಾಭದೊಡನೆ ಹೇಗೆ ತೂಗಬೇಕು? ಬೇರೊಂದು ನದಿಯ ನೀರು ಬಂದು ಸೇರಿದಾಗ ಅದರೊಡನೆ ಯಾವ ಮೀನು, ಯಾವ ಪಾಚಿ, ಯಾವ ಕೊಳೆ ಬರುತ್ತದೆ? ಇಂಜಿನಿಯರು ಒಬ್ಬರೇ ಇದಕ್ಕೆ ಉತ್ತರ ಹೇಳಲಾರರು. ಅರ್ಥಶಾಸ್ತ್ರಜ್ಞರು, ಪ್ರಾಣಿಶಾಸ್ತ್ರಜ್ಞರು, ವಕೀಲರು, ಇವರಲ್ಲಿ ಯಾರೂ ಒಬ್ಬರೇ ಹೇಳಲಾರರು.

ನೆಲದ ಕೆಳಗಣ ನೀರಿನ ಕಥೆಯು ಇನ್ನೂ ಕಠಿಣವಾದುದು. ಕೊಳವೆಬಾವಿಗಳು ಆಳವಾದಷ್ಟೂ, ಗ್ರಾನೈಟ್ ಬಂಡೆಯ ಸೀಳುಗಳಲ್ಲಿ ಬಹುಕಾಲ ನಿಂತ ನೀರು ಮೇಲಕ್ಕೆ ಬರುತ್ತದೆ. ಹಾಗೆ ನಿಂತಿರುವಾಗ ಅದು ಕಲ್ಲಿನೊಳಗಣ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲ್ಲಿಗ್ರಾಮಿಗೆ ಮೀರಬಾರದೆಂದೂ, ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಮಿಲ್ಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತದ ಮಾನಕವು ಹೇಳುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ನೀರು ಈ ಎಲ್ಲೆಯನ್ನು ದಾಟಿದೆ. ಹಲ್ಲುಗಳ ಮೇಲೆ ಕಂದುಗೆರೆ ಮೂಡಿದ ಮಗುವನ್ನು ಉಪಾಧ್ಯಾಯಿನಿಯು ತರಗತಿಯಲ್ಲಿ ನೋಡುತ್ತಾಳೆ. ಬಾಗಿದ ಮೂಳೆಯ ಮುದುಕಿಯನ್ನು ಡಾಕ್ಟರು ಆಸ್ಪತ್ರೆಯಲ್ಲಿ ನೋಡುತ್ತಾರೆ. ಬಂಡೆಯನ್ನು ಭೂವಿಜ್ಞಾನಿಯು ನೋಡುತ್ತಾನೆ. ವಿದ್ಯುತ್ ಬಿಲ್ಲನ್ನೂ ಅಡಿಕೆ ತೋಟದ ಬಾಯಾರಿಕೆಯನ್ನೂ ರೈತನು ನೋಡುತ್ತಾನೆ. ಈ ನಾಲ್ವರೂ ನೋಡುತ್ತಿರುವುದು ಒಂದೇ ವಸ್ತುವನ್ನು. ಅವರು ಒಂದೇ ಮೇಜಿನ ಸುತ್ತ ಕುಳಿತದ್ದು ಅಪರೂಪ.

ಇನ್ನೊಂದು ಸಂಗತಿಯನ್ನು ದುಃಖದಿಂದ ಬರೆಯಬೇಕಾಗಿದೆ. 2023ರ ಆಗಸ್ಟಿನ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತವಾದ ನೀರನ್ನು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಪ್ರಾಣವನ್ನೇ ನೀಗಿದರು. ವಿಶ್ವವಿದ್ಯಾನಿಲಯದಲ್ಲಿ ಒಂದು ವ್ಯಾಸಂಗ ಆರಂಭವಾದರೆ ಇಂತಹ ಸಾವುಗಳೆಲ್ಲ ನಿಂತುಹೋಗುವುವೆಂದು ನಾವು ಹೇಳುವುದಿಲ್ಲ. ಆದರೆ ಟ್ಯಾಂಕಿನಿಂದ ನಲ್ಲಿಯವರೆಗೆ ನೀರು ಬರುವ ದಾರಿಯನ್ನು ತಿಳಿದವರು, ರೋಗಾಣುವನ್ನು ಗುರುತಿಸಬಲ್ಲವರು, ಕೊಳವೆಯ ಕೊನೆಯಲ್ಲಿ ಬಡವರ ಮನೆಗಳೇ ಏಕೆ ಇರುತ್ತವೆಂಬುದನ್ನು ಯೋಚಿಸಿದವರು ಬೇರೆ ಬೇರೆ ಕಟ್ಟಡಗಳಲ್ಲಿ ಕಲಿತು, ಬೇರೆ ಬೇರೆ ಕಚೇರಿಗಳಲ್ಲಿ ಕುಳಿತಿರುವವರೆಗೂ, ಎಚ್ಚರಿಕೆಯು ವಿಪತ್ತಿನ ಹಿಂದೆಯೇ ನಡೆದು ಬರುವುದೆಂಬ ಭಯ ನಮಗಿದೆ.

ಶಾಸ್ತ್ರಗಳನ್ನು ಹೀಗೆ ಕೂಡಿಸುವುದು ಹೊಸ ಕನಸೇನೂ ಅಲ್ಲ. ಸ್ವಿಟ್ಸರ್ಲೆಂಡಿನ ಫೋರೆಲ್ ಎಂಬ ಪಂಡಿತನು ವೃತ್ತಿಯಲ್ಲಿ ಶರೀರಶಾಸ್ತ್ರದ ಪ್ರೊಫೆಸರು. ಅವನು ತನ್ನ ಊರಿನ ಲೆಮಾನ್ ಸರೋವರವನ್ನು ಕುರಿತು 1892ರಿಂದ 1904ರವರೆಗೆ ಮೂರು ಸಂಪುಟಗಳನ್ನು ಪ್ರಕಟಿಸಿದನು. ಅವುಗಳಲ್ಲಿ ನೀರಿನ ಶಾಖ, ಅಲೆ, ಲವಣ, ಗಿಡ, ಪ್ರಾಣಿಗಳ ವಿವರವಲ್ಲದೆ ಮೀನುಗಾರಿಕೆ, ದೋಣಿ, ದಡದ ಜನರ ಚರಿತ್ರೆ ಇವೂ ಇವೆ. ಸರೋವರಶಾಸ್ತ್ರವೆಂಬುದಕ್ಕೆ ಅಸ್ತಿವಾರ ಹಾಕಿದವನು ಅವನೇ. ಅಮೆರಿಕದ ಎಲೆನ್ ಸ್ವಾಲೊ ರಿಚರ್ಡ್ಸ್ ಎಂಬಾಕೆಯು ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ 1873ರಲ್ಲಿ ಪದವಿ ಪಡೆದ ಮೊದಲ ಸ್ತ್ರೀ. ಆಕೆ 1887ರಲ್ಲಿ ಆರಂಭವಾದ ಸಮೀಕ್ಷೆಯಲ್ಲಿ ಆ ಪ್ರಾಂತದ ನೀರಿನ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿ, ಊರಿನ ಕೊಳೆಯು ಎಲ್ಲೆಲ್ಲಿ ನೀರಿಗೆ ಸೇರುತ್ತಿದೆ ಎಂಬುದನ್ನು ಭೂಪಟದಲ್ಲಿ ತೋರುವಂತೆ ಮಾಡಿದಳು. ಅದೇ ದೇಶದ ರೂತ್ ಪ್ಯಾಟ್ರಿಕ್ ಎಂಬ ಸಸ್ಯಶಾಸ್ತ್ರಜ್ಞೆಯು 1948ರಲ್ಲಿ ಪೆನ್ಸಿಲ್ವೇನಿಯದ ಕಾನೆಸ್ಟೋಗ ಹೊಳೆಗೆ ರಸಾಯನಶಾಸ್ತ್ರಜ್ಞರನ್ನೂ, ರೋಗಾಣುಶಾಸ್ತ್ರಜ್ಞರನ್ನೂ, ಪ್ರಾಣಿಶಾಸ್ತ್ರಜ್ಞರನ್ನೂ ಒಟ್ಟಿಗೆ ಕರೆದುಕೊಂಡು ಹೋದಳು. ಹೊಳೆಯಲ್ಲಿ ಎಷ್ಟು ಬಗೆಯ ಜೀವಿಗಳಿವೆ ಎಂಬುದೇ ಅದರ ಆರೋಗ್ಯದ ಗುರುತು ಎಂದು ತೋರಿಸಿಕೊಟ್ಟಳು. ಹೊಳೆಯ ಮುಂದೆ ಶಾಸ್ತ್ರಗಳನ್ನು ಒಂದುಗೂಡಿಸಿದ ಕೆಲಸದಲ್ಲಿ ಸ್ತ್ರೀಯರು ಹಿಂದುಳಿದಿರಲಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು.

ಇದಕ್ಕೆ ಹೇಳುವ ಆಕ್ಷೇಪಣೆಗಳಲ್ಲಿ ಮುಖ್ಯವಾದುದು, ಎಲ್ಲವನ್ನೂ ಕಲಿತವನು ಯಾವುದನ್ನೂ ಕಲಿತಿರುವುದಿಲ್ಲ ಎಂಬುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಐದು ಶಾಸ್ತ್ರಗಳ ಮೊದಲ ಅಧ್ಯಾಯಗಳನ್ನು ಓದಿಸಿ ಪದವಿಪತ್ರವನ್ನು ಕೈಯಲ್ಲಿಡುವುದಾದರೆ ಆ ವ್ಯಾಸಂಗವು ಬೇಡವೇ ಬೇಡ. ಕಾನೆಸ್ಟೋಗ ಹೊಳೆಗೆ ಹೋದವರಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಶಾಸ್ತ್ರದಲ್ಲಿ ಆಳವಾಗಿ ಇಳಿದವರೇ. ಅವರನ್ನು ಕೂಡಿಸಿದ್ದು ಹೊಳೆ. ಆದುದರಿಂದ ವಿದ್ಯಾರ್ಥಿನಿಯು ಒಂದು ಶಾಸ್ತ್ರವನ್ನು ಬುಡದವರೆಗೆ ಕಲಿಯತಕ್ಕದ್ದು. ಅದರೊಡನೆ, ಮಿಕ್ಕವರ ಭಾಷೆಯನ್ನು ಅರ್ಥಮಾಡಿಕೊಂಡು ಅವರನ್ನು ಸರಿಯಾಗಿ ಪ್ರಶ್ನಿಸುವಷ್ಟು ತಿಳಿಯತಕ್ಕದ್ದು. ಮತ್ತು ಎಲ್ಲರೂ ಒಂದೇ ನೀರಿನ ಬಳಿ ಕೆಲಸ ಮಾಡತಕ್ಕದ್ದು.

ಆ ನೀರು ನಮಗೆ ಹತ್ತಿರದಲ್ಲಿಯೇ ಇದೆ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು, ಹೊಸದುರ್ಗ, ಹಿರಿಯೂರು, ಚಳ್ಳಕೆರೆಗಳನ್ನು ಹಾದು, ಹಗರಿಯೆಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುವ ವೇದಾವತಿಯ ಜಲಾನಯನವೇ ಈ ವ್ಯಾಸಂಗದ ಪಾಠದ ಕೋಣೆಯಾಗಲಿ. ಅದರಲ್ಲಿ ಮಲೆನಾಡಿನ ಅಂಚಿದೆ, ದೊಡ್ಡ ಜಲಾಶಯವಿದೆ, ನೂರಾರು ಕೆರೆಗಳಿವೆ, ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದಿದೆ. ನೀರು ಹೇರಳವಾಗಿರುವಲ್ಲಿ ಜಲಶಾಸ್ತ್ರವನ್ನು ಕಲಿಸಬೇಕೆಂದು ಕೆಲವರು ಎಣಿಸುತ್ತಾರೆ. ಒಂದೊಂದು ಕೊಡಕ್ಕೂ ಲೆಕ್ಕವಿಡಬೇಕಾದ ಸೀಮೆಯೇ ಆ ಶಾಸ್ತ್ರಕ್ಕೆ ಉತ್ತಮವಾದ ಗುರುವೆಂದು ನಾವು ಅಭಿಪ್ರಾಯಪಡುತ್ತೇವೆ.

ಸಾಧನಗಳೂ ಇಲ್ಲದಿಲ್ಲ. 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ನಮ್ಮ ಜಿಲ್ಲೆಯೂ ಸೇರಿದೆ. ಅದರ ಮುಖ್ಯ ಆವರಣಕ್ಕೆ ಶಿವಗಂಗೋತ್ರಿಯೆಂದೂ, ಚಿತ್ರದುರ್ಗದ ಬಳಿಯ ಸ್ನಾತಕೋತ್ತರ ಕೇಂದ್ರಕ್ಕೆ ಜ್ಞಾನಗಂಗೋತ್ರಿಯೆಂದೂ ಹೆಸರು. ನದಿಯ ಉಗಮದ ಹೆಸರನ್ನು ಹೊತ್ತ ವಿದ್ಯಾಸ್ಥಾನಕ್ಕೆ ಈ ಕೆಲಸವು ಹೊರಗಿನದಾಗಲಾರದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆಯ ಆವರಣವಿದ್ದು, ಅಲ್ಲಿ ವಿಜ್ಞಾನದ ಉಪಾಧ್ಯಾಯರಿಗೆ ತರಬೇತಿಯು ನಡೆದುಬಂದಿದೆ. ಅದೇ ಸಂಸ್ಥೆಯ ಬೆಂಗಳೂರಿನ ಆವರಣದಲ್ಲಿ ಹಲವು ಶಾಸ್ತ್ರಗಳು ಕೂಡಿ ಜಲಸಂಶೋಧನೆ ನಡೆಸುವ ಕೇಂದ್ರವೂ ಇದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಸಂಶೋಧನೆ ನಡೆಯುತ್ತದೆ. ನಗರದಲ್ಲಿ ವೈದ್ಯಕೀಯ ಕಾಲೇಜೂ ಇಂಜಿನಿಯರಿಂಗ್ ಕಾಲೇಜೂ ಇವೆ. ಬೇಕಾಗಿರುವುದು ಹೊಸ ಕಟ್ಟಡಕ್ಕಿಂತ ಹೆಚ್ಚಾಗಿ ಇವುಗಳ ನಡುವೆ ಒಂದು ಒಪ್ಪಂದ.

ಆದರೆ ಒಪ್ಪಂದವೆಂದರೆ ಕಾಗದವಷ್ಟೇ ಆಗಬಾರದು. ಕೂಡು ವ್ಯಾಸಂಗಗಳು ಹೇಗೆ ಸೊರಗುತ್ತವೆಂಬುದು ವಿದ್ಯಾ ಇಲಾಖೆಯ ಪರಿಚಯವಿದ್ದವರಿಗೆಲ್ಲ ಗೊತ್ತು. ಪ್ರತಿಯೊಂದು ವಿಭಾಗವೂ ಒಬ್ಬ ಉಪನ್ಯಾಸಕರನ್ನು ವಾರಕ್ಕೆ ಎರಡು ಗಂಟೆ ಎರವಲು ಕೊಡುತ್ತದೆ. ಅವರ ಬಡ್ತಿಯೂ ಗೌರವವೂ ಅವರವರ ವಿಭಾಗದಲ್ಲಿಯೇ ಉಳಿಯುತ್ತವೆ. ಎಲ್ಲರಿಗೂ ಸೇರಿದ ವಿದ್ಯಾರ್ಥಿನಿಯು ಯಾರಿಗೂ ಸೇರದವಳಾಗುತ್ತಾಳೆ. ಆದಕಾರಣ ಈ ವ್ಯಾಸಂಗಕ್ಕೆ ತನ್ನವೇ ಆದ ಕೆಲವು ಖಾಯಂ ಹುದ್ದೆಗಳೂ, ತನ್ನದೇ ಆದ ಪ್ರಯೋಗಶಾಲೆಯೂ, ಹಳ್ಳಿಗಳಿಗೆ ಹೋಗಿಬರಲು ವಾಹನವೂ ಇರಬೇಕು. ಮೊದಲನೆಯ ವರ್ಷದಲ್ಲಿ ಎಲ್ಲ ವಿದ್ಯಾರ್ಥಿಗಳೂ ಒಂದೇ ಕೆರೆಯನ್ನು ಒಂದು ಮುಂಗಾರಿನಿಂದ ಇನ್ನೊಂದು ಮುಂಗಾರಿನವರೆಗೆ ಜೊತೆಯಾಗಿ ಅಳೆಯಬೇಕು. ಚರಿತ್ರೆ, ಅರ್ಥಶಾಸ್ತ್ರ, ಕನ್ನಡ ಓದಿದವರಿಗೂ ಪ್ರವೇಶವಿರಬೇಕು. ಅವರಿಗೆ ರಸಾಯನಶಾಸ್ತ್ರದ ಅಡಿಪಾಠವನ್ನೂ, ವಿಜ್ಞಾನ ಓದಿದವರಿಗೆ ಗ್ರಾಮಜೀವನದ ಮತ್ತು ಕಾನೂನಿನ ಅಡಿಪಾಠವನ್ನೂ ಕಲಿಸಬೇಕು. ಕಂಡುಕೊಂಡದ್ದನ್ನು ಕನ್ನಡದಲ್ಲಿ ಬರೆದು, ಆಯಾ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಿದ ಮೇಲೆಯೇ ಪದವಿಯು ಪೂರ್ಣವಾಗಬೇಕು.

ಇದೆಲ್ಲಕ್ಕಿಂತ ಅಗತ್ಯವಾದುದು ಉದ್ಯೋಗದ ಮಾತು. ಸರಕಾರದ ನೇಮಕಾತಿ ನಿಯಮಗಳು ಪದವಿಯ ಹೆಸರಿನ ಮೇಲೆ ನಿಂತಿವೆ. ರಸಾಯನಶಾಸ್ತ್ರದ ಪದವಿ ಬೇಕೆಂದು ಪ್ರಕಟಣೆಯಲ್ಲಿ ಬರೆದಿದ್ದರೆ, ಅದನ್ನು ಚೆನ್ನಾಗಿ ಬಲ್ಲವಳಾದರೂ ಬೇರೆ ಹೆಸರಿನ ಪದವಿಯುಳ್ಳವಳ ಅರ್ಜಿಯು ಬದಿಗೆ ಸರಿಯುತ್ತದೆ. ಸಾಲ ಮಾಡಿ ಮಗಳನ್ನು ಓದಿಸುವ ತಂದೆತಾಯಿಗಳು ಇದನ್ನು ಮೊದಲು ಕೇಳುತ್ತಾರೆ, ಕೇಳುವುದು ನ್ಯಾಯವೇ. ಆದುದರಿಂದ ಮೊದಲನೆಯ ವಿದ್ಯಾರ್ಥಿನಿಯನ್ನು ಸೇರಿಸಿಕೊಳ್ಳುವ ಮುಂಚೆಯೇ, ಕುಡಿಯುವ ನೀರು, ಸಣ್ಣ ನೀರಾವರಿ, ಅಂತರ್ಜಲ, ಮೀನುಗಾರಿಕೆ, ಮಾಲಿನ್ಯ ನಿಯಂತ್ರಣ ಇವುಗಳಿಗೆ ಸಂಬಂಧಪಟ್ಟ ಹುದ್ದೆಗಳ ನಿಯಮಗಳಲ್ಲಿ ಈ ಪದವಿಯ ಹೆಸರನ್ನು ಸೇರಿಸತಕ್ಕದ್ದು. ಇದನ್ನು ಮಾಡದೆ ವ್ಯಾಸಂಗವನ್ನು ಆರಂಭಿಸುವುದು ಮಕ್ಕಳಿಗೆ ಅನ್ಯಾಯ ಮಾಡಿದಂತೆಯೇ ಸರಿ. ಇದು ಆಗದಿದ್ದರೆ, ನಾವೇ ನಮ್ಮ ವಿದ್ಯಾರ್ಥಿನಿಯರಿಗೆ ಅತ್ತ ಹೋಗಬೇಡಿರೆಂದು ಹೇಳಬೇಕಾಗುವುದು.

ಹೆಣ್ಣುಮಕ್ಕಳ ಹೆಸರನ್ನು ನಾವು ಮತ್ತೆ ಮತ್ತೆ ಎತ್ತುವುದಕ್ಕೆ ಕಾರಣವಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ, ಪ್ರತಿ ಹಳ್ಳಿಯ ಐವರು ಸ್ತ್ರೀಯರಿಗೆ ನೀರಿನ ಪರೀಕ್ಷಾ ಪೆಟ್ಟಿಗೆಯ ಬಳಕೆಯನ್ನು ಕಲಿಸಬೇಕೆಂದು ಗೊತ್ತುಮಾಡಿದ್ದಾರೆ. ಇದು ಒಳ್ಳೆಯ ಆರಂಭ. ಆದರೆ ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾದುದನ್ನು ನೋಡುವುದು ಒಂದು. ಅದು ಏಕೆ ಬದಲಾಯಿತು, ಮುಂದೇನು ಮಾಡಬೇಕು, ಯಾರು ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಇನ್ನೊಂದು. ಮೊದಲನೆಯದನ್ನು ಹೆಂಗಸರಿಗೆ ಬಿಟ್ಟು, ಎರಡನೆಯದನ್ನು ದೂರದ ಕಚೇರಿಯಲ್ಲಿಡುವುದು ನ್ಯಾಯವೇ? ಒನಕೆ ಓಬವ್ವನ ಕಥೆಯನ್ನು ನಮ್ಮೂರಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲೆಂದು ಹೋದವಳೇ ಶತ್ರುಗಳು ಕಿಂಡಿಯಿಂದ ನುಸುಳುತ್ತಿರುವುದನ್ನು ಮೊದಲು ಕಂಡಳೆಂದು ಜನರು ಹೇಳುತ್ತಾರೆ. ನೀರು ತರುವವಳಿಗೇ ಅಪಾಯವು ಮೊದಲು ಕಾಣುತ್ತದೆ. ಆದರೆ ಕಂಡದ್ದಕ್ಕೆ ತಕ್ಕ ಅಧಿಕಾರವೂ ವಿದ್ಯೆಯೂ ಅವಳಿಗಿರಬೇಕು. ಪರೀಕ್ಷಾ ಪೆಟ್ಟಿಗೆಯನ್ನು ಹಿಡಿದ ಹಳ್ಳಿಯ ಹೆಂಗಸಿನ ಮಗಳು ಅದೇ ನೀರಿನ ವಿಷಯವಾಗಿ ಉನ್ನತ ಪದವಿ ಪಡೆದು, ಅದೇ ತಾಲ್ಲೂಕಿನ ಅಧಿಕಾರಿಣಿಯಾಗಿ ಬರುವಂತಹ ಮೆಟ್ಟಿಲನ್ನು ಕಟ್ಟಬೇಕೆಂದು ನಮ್ಮ ಕೋರಿಕೆ. ಹೊರಸಂಚಾರದ ವ್ಯಾಸಂಗವಾದುದರಿಂದ, ಹಾಸ್ಟೆಲು, ಶೌಚಾಲಯ, ಕತ್ತಲಾಗುವ ಮೊದಲು ಹಿಂದಕ್ಕೆ ಕರೆತರುವ ಏರ್ಪಾಡು ಇವುಗಳನ್ನು ಖರ್ಚಿನ ಪಟ್ಟಿಯ ಕೊನೆಯಲ್ಲಿಡದೆ ಮೊದಲಿನಲ್ಲಿಯೇ ಬರೆಯಬೇಕು. ಇವಿಲ್ಲದಿದ್ದರೆ ಬಾಗಿಲು ತೆರೆದಿದ್ದರೂ ಒಳಕ್ಕೆ ಹೋಗುವವರು ಇರುವುದಿಲ್ಲ.

ಪ್ರೌಢಶಾಲೆಗಳು ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರಬೇಕೆಂದಲ್ಲ. ಮಳೆಮಾಪಕವೊಂದನ್ನು ಅಂಗಳದಲ್ಲಿಟ್ಟು ದಿನವೂ ಬರೆಯಬಹುದು. ಶಾಲೆಯ ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯಬಹುದು. ಚಂದ್ರವಳ್ಳಿಯ ಕೆರೆಯ ನೀರಿನ ಶಾಖವನ್ನೂ ಬಣ್ಣವನ್ನೂ ಋತುವಿಗೊಮ್ಮೆ ಗುರುತಿಸಿಡಬಹುದು. ನಮ್ಮ ನಲ್ಲಿಗಳಿಗೆ ನೀರು ಕಳುಹಿಸುವ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರಗಳ ಚರಿತ್ರೆಯನ್ನು ಭೂಗೋಳದ ಪಾಠದೊಡನೆಯೇ ಹೇಳಬಹುದು. ಹತ್ತು ವರ್ಷ ತಪ್ಪದೆ ಬರೆದ ಇಂತಹ ಪುಸ್ತಕವೊಂದು ಮುಂದೆ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಗೆ ಬೆಲೆಯುಳ್ಳ ಕಾಣಿಕೆಯಾಗುವುದರಲ್ಲಿ ಸಂದೇಹವಿಲ್ಲ.

ಈ ಸಂಚಿಕೆಯನ್ನು ಓದುವವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಿದ್ದೀರಿ; ನಿಮ್ಮಲ್ಲಿ ಕೆಲವರು ಕಾಲೇಜುಗಳಲ್ಲಿ ಬೋಧಿಸುತ್ತಿದ್ದೀರಿ, ಕೆಲವರು ಸರಕಾರದ ಕಚೇರಿಗಳಲ್ಲಿದ್ದೀರಿ, ಅನೇಕರು ಹಳ್ಳಿಗಳಲ್ಲಿ ಸಂಸಾರ ನಡೆಸುತ್ತಿದ್ದೀರಿ. ವಿಶ್ವವಿದ್ಯಾನಿಲಯದ ಸಭೆಗಳಲ್ಲಿ ಕುಳಿತುಕೊಳ್ಳುವವರು ಈ ವಿಷಯವನ್ನು ಅಲ್ಲಿ ಎತ್ತಿರಿ. ಶಾಸಕರನ್ನು ಬಲ್ಲವರು ನೇಮಕಾತಿ ನಿಯಮದ ಮಾತನ್ನು ಅವರ ಕಿವಿಗೆ ಹಾಕಿರಿ. ಹಳ್ಳಿಯಲ್ಲಿರುವವರು ನಿಮ್ಮ ನೀರನ್ನು ಪರೀಕ್ಷಿಸಿದ ಚೀಟಿಯನ್ನು ಕೇಳಿ ಪಡೆದು, ಅದನ್ನು ಓದಿ, ಅರ್ಥವಾಗದಿದ್ದಲ್ಲಿ ಅರ್ಥ ಕೇಳಿರಿ. ಹಾಗೆ ಕೇಳುವವರು ಹೆಚ್ಚಿದರೆ, ಉತ್ತರ ಹೇಳಬಲ್ಲವರನ್ನು ತಯಾರುಮಾಡುವ ವಿದ್ಯಾಸ್ಥಾನವು ಬಹುಕಾಲ ತಡವಾಗಲಾರದೆಂದು ನಂಬುತ್ತೇವೆ.